ಚಪ್ಪಲಿ ನೋಡಿ ಶುರುವಾದ ಪಾಠ

ಪಾಠ ಹೇಳಲು ಕರೆಸಿದ್ದ ಮೌಲಾಸಾಬರು ಒಳಗೇ ಬರಲಿಲ್ಲ. ಸೋನ್ಯಾಳದ ಸಮಾಜ ಮಂದಿರದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ನಾವು ಬಿಟ್ಟಿದ್ದ ಚಪ್ಪಲಿಗಳನ್ನೇ ಒಂದೊಂದಾಗಿ ನೋಡತೊಡಗಿದರು. ಜಮಖಾನೆಯ ಮೇಲಿದ್ದ ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಮದುವೆ, ಸಭೆ, ಸಮಾರಂಭ ನಡೆಸುವುದನ್ನು ಕಲಿಸುವ ಒಂದು ವಾರದ ತರಬೇತಿಗೆ ನಾನು ಶಿಕ್ಷಕ. ಪುಸ್ತಕ ಓದಿ ಹೇಳುತ್ತಿದ್ದೆನೇ ಹೊರತು ಒಂದು ಮದುವೆಯನ್ನೂ ನಡೆಸಿದವನಲ್ಲ. ಮೌಲಾಸಾಬರು ತಿಕೋಂಡಿಯ ಸುತ್ತೆಲ್ಲ ಮದುವೆಗೆ ಮಂಡಪ ಹಾಕಿ, ಊಟದ ಪಂಕ್ತಿ ನೋಡಿಕೊಳ್ಳುವವರು.

“ಏನ್ ನೋಡಾಕತ್ತೀರಿ?” ಎಂದೆ.

“ಹೊರಗ ಮುಖ ಮಾಡಿ ಬಿಟ್ಟ ಚಪ್ಪಲಿ ನೋಡಾಕತ್ತೀನ್ರಿ ಸರ್. ಹಂಗ ಬಿಟ್ಟವ್ರು ಲಗೂನ ಎದ್ದು ಎಸ್.ಟಿ. ಬಸ್ಸು ಹಿಡಿಯವ್ರು. ಲಗ್ನದಾಗ ಅವರನ್ನ ಹುಡುಕಿ ಮೊದಲನೇ ಪಂಕ್ತಿಗೆ ಕುಂದ್ರಸ್ತೀನಿ. ಇಲ್ಲಂದ್ರ ಅಕ್ಕಿಕಾಳು ಹಾಕಿ ಉಪಾಸ ಹೋಗಿಬಿಡ್ತಾರ.”

ನಗು ನಿಂತಿತು. ಎಲ್ಲರೂ ಬರೆದುಕೊಳ್ಳಲು ವಹಿ ತೆಗೆದರು. ಅಷ್ಟರಲ್ಲಿ ಅವರು ಒಂದು ಜೋಡಿಯತ್ತ ಬೆರಳು ತೋರಿಸಿದರು.

“ಇವತ್ತ ಹಂಗ ಬಿಟ್ಟಿದ್ದು ಇದೊಂದ ಜೋಡಿ. ಯಾರದ್ರಿ ಇದು?”

ಅದು ನನ್ನದೇ. ಅವರನ್ನು ಪರಿಚಯಿಸಿ, ಮೆಲ್ಲಗೆ ಎದ್ದು ಜತ್ತದ ಬಸ್ಸು ಹಿಡಿಯಬೇಕೆಂದಿದ್ದೆ. ಮಂಡಪದವರ ಮಾತಿನಲ್ಲಿ ನಾನು ಕೇಳುವಂಥದ್ದೇನಿದ್ದೀತು ಅನಿಸಿತ್ತು. ಬಾಗಿಲಿಗೆ ಹೋಗಿ ಚಪ್ಪಲಿ ತಿರುಗಿಸಿಟ್ಟು, ವಿದ್ಯಾರ್ಥಿಗಳ ಸಾಲಿನಲ್ಲಿ ಕೂತೆ.

ಈಗಲೂ ಯಾವುದೇ ಸಮಾರಂಭಕ್ಕೆ ಹೋದರೆ ವೇದಿಕೆಗಿಂತ ಮೊದಲು ಬಾಗಿಲ ಚಪ್ಪಲಿಗಳನ್ನು ನೋಡುತ್ತೇನೆ. ನನ್ನವನ್ನು ಮಾತ್ರ ಒಳಮುಖವಾಗಿಯೇ ಬಿಡುತ್ತೇನೆ.