ಅಜ್ಜಿ ಯಾರನ್ನೂ ಕೇಳದ ದಿನ

ಸುರಪುರದ ಹತ್ರದ ಹಳ್ಳಿ ಸಾಲ್ಯಾಗ ನಾನು ಮೂರನೇ ಕ್ಲಾಸಿನ ಟೀಚರ್. ಅಲ್ಲಿ ಓದೂದು ಅಂದ್ರ ಕೂಡಿ ಒದರೂದು. ಒಬ್ಬಾಕಿ ಮುಂದ ನಿಂತು ಪುಸ್ತಕದ ಮ್ಯಾಲ ಬೆರಳಾಡಿಸಿಕೋತ ಹೇಳತಾಳ, ಉಳಿದವ್ರು ಅದನ್ನ ತಿರುಗಿ ಅಂತಾರ. ಮುಂದ ನಿಲ್ಲಾಕಿ ಯಾವಾಗಲೂ ನನ್ನ ಕ್ಲಾಸಿನ ಒಬ್ಬಾಕಿ ಹುಡುಗಿ. ಆಕಿ ಅವ್ವ ಬೆಂಗಳೂರಾಗ ಮನಿ ಕಟ್ಟೂ ಗೌಂಡಿಗಳ ಕೈಕೆಳಗ ದುಡಿತಿದ್ಲು. ಈಕಿ ಅಜ್ಜಿ ಕಡಿ ಇದ್ಲು.

ಶಹಾಪುರದ ತರಬೇತ್ಯಾಗ ನಮಗ ಬಿಡಿಸಿ ಹೇಳಿದ್ರು: ಬಾಯಿಪಾಠ ಅಂದ್ರ ಓದೂದಲ್ಲ. ಸಂಶೋಧನೆ ಮಾಡಿದವ್ರು ಕಂಡುಕೊಂಡದ್ದು, ಅಕ್ಷರಕ್ಕ ಅದರ ಸಪ್ಪಳ ಜೋಡಿಸೂದನ್ನ ಒಂದೊಂದಾಗಿ ಕಲಿಸಬೇಕು, ಮಗು ಎಂದೂ ನೋಡದ ಶಬ್ದ ಕೊಟ್ಟು ಒಬ್ಬೊಬ್ಬರನ್ನ ಓದಿಸಿ ನೋಡಬೇಕು ಅಂತ. ಸಾಲಿಗೆ ಬಂದು ಆಕಿಗೆ ಹೊಸ ಶಬ್ದ ಬರದ ಒಂದು ಚೀಟಿ ಕೊಟ್ಟೆ. ಬೆರಳಿಟ್ಲು, ನನ್ನ ಮಾರಿ ನೋಡಿದ್ಲು, ಯಾವುದೋ ಪಾಠದ ಸಾಲು ಗಟ್ಟ್ಯಾಗಿ ಹೇಳಿದ್ಲು.

ಹೆಡ್‌ಮಾಸ್ತರರಿಗೆ ಹೇಳಿದ್ರ ನಕ್ಕರು. "ಬಿಡ್ರಿ ಮೇಡಂ, ಊರ ಮಂದಿ ಕೇಳಿ ಶಭಾಶ್ ಅಂತಾರ. ತಪಾಸಣಿ ಸಾಹೇಬ್ರು ಬಂದು ಹೋಗೂತನಕ ಏನೂ ಬದಲ್ ಮಾಡಬ್ಯಾಡ್ರಿ." ನನಗ ಮೈಯೆಲ್ಲಾ ಉರಿದು ಹೋತು. ಮತ್ತೆ ಒದರಾಟ ನಡೀತು.

ಅದೇ ವಾರ ಆಕಿ ಅವ್ವನ್ನ ಜಡ್ಡಾಗಿ ಯಾದಗಿರಿ ದವಾಖಾನಿಗೆ ತಂದು ಹಾಕಿದ್ರು. ಜಲ್ದಿ ಬರ್ರಿ ಅಂತ ಫೋನ್ ಬಂತು. ಅಜ್ಜಿಗೆ ಓದಾಕ ಬರೂದಿಲ್ಲ, ಬಸ್ ಹತ್ತೂ ಮುಂದ ಹತ್ತು ಮಂದಿನ್ನ ಕೇಳಾಕಿ. ಅವತ್ತ ಯಾರನ್ನೂ ಕೇಳಲಿಲ್ಲ, ಮೊಮ್ಮಗಳು ಓದಾಕಿ ಜೊತಿಗೆ ಅದಾಳಲ್ಲ! ಸುರಪುರ ಸ್ಟ್ಯಾಂಡಿನಾಗ ಹುಡುಗಿ ಬೋರ್ಡಿಗೆ ಬೆರಳು ತೋರಿಸಿ, ಅಜ್ಜಿ ಮಾರಿ ನೋಡಿ, "ಯಾದಗಿರಿ" ಅಂದಾಳ. ಅದು ಉಲ್ಟಾ ದಿಕ್ಕಿಗೆ ಹೋಗೂ ಕೊಡೇಕಲ್ ಬಸ್ಸು. ಗದ್ದಲದಾಗ ಕಂಡಕ್ಟರ್ ಟಿಕೆಟ್ ಕೊಡಾಕ ಬರೂದ್ರಾಗ ಬಸ್ಸು ಬಹಳ ದೂರ ಹೋಗಿತ್ತು. ಇಳದು ತಿರುಗಿ ನಡಕೋತ ಬರೂದ್ರಾಗ ಯಾದಗಿರಿಗೆ ಹೋಗೂ ಕಡೀ ಬಸ್ಸೂ ಹೋಗಿತ್ತು. ಮರುದಿನ ಮುಟ್ಟಿದಾಗ ಅವ್ವನ ಜೀವ ಹೋಗಿತ್ತು.

ಅಜ್ಜಿ ಹುಡುಗಿಗೆ ಒಂದು ಮಾತು ಅನಲಿಲ್ಲ. ನನ್ನ ಮಾತು ಖರೆ ಆತು ಅಂತ ಏನು ಖುಷಿ ಪಡ್ಲಿ, ಸುಡ್ಲಿ ಅದರ ಮಾರಿ.

ಹುಡುಗಿ ಸಾಲ್ಯಾಗ ಮುಂದ ನಿಂತು ಹೇಳೂದು ಬಿಟ್ಲು. ನಾನು ಯಾರ ಮಾತೂ ಕೇಳಲಿಲ್ಲ, ದಿನಾ ಸಾಲಿ ಬಿಟ್ಟ ಮ್ಯಾಲ ಬಾಜೂಕ ಕೂಡಿಸ್ಕೊಂಡು ಅಕ್ಷರ, ಸಪ್ಪಳ, ಶಬ್ದ ಅಂತ ಕಲಿಸಿದೆ. ಮಳಿಗಾಲ ಹೋಗಿ ಜೋಳ ಬಿತ್ತೂ ಹೊತ್ತಿಗೆ ಓದಾಕ ಬಂತು.

ಒಂದಿನ ಆಟದ ಸ್ಪರ್ಧೆಗೆ ಮಕ್ಕಳನ್ನ ಕರಕೊಂಡು ಸುರಪುರ ಸ್ಟ್ಯಾಂಡಿನಾಗ ನಿಂತಿದ್ದೆ. ಒಂದು ಬಸ್ಸು ಬಂತು. ಹುಡುಗಿ ಈ ಸಲ ನನ್ನ ಮಾರಿ ನೋಡಲಿಲ್ಲ. ಬೋರ್ಡು ನೋಡಿಕೋತ, ಒಂದೊಂದ ಅಕ್ಷರ ಕೂಡಿಸಿ, ಸಣ್ಣ ದನಿಲೆ ಓದಿದ್ಲು.

"ಯಾದಗಿರಿ. ಅವತ್ತ ನಾವು ಇದನ್ನ ಹತ್ತಬೇಕಾಗಿತ್ರಿ, ಟೀಚರ್."