ಆಚೆಮನೆ ಹಸುವಿನ ಕಾವು

ಚಳಿ ಹಿಡಿಯುವ ಮುಂಚೆ ಮಗಳು ಕಲ್ಲುಗೋಡೆಯ ಸಂದಿಗೆ ಮೆತ್ತಲು ಕೆಮ್ಮಣ್ಣು, ಸಗಣಿ, ರಾಗಿಹೊಟ್ಟು ಕಲಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಚೆಮನೆ ದೊಡ್ಡವ್ವ ನೆನಪಾದಳು. ಸಂಬಂಧದಲ್ಲಿ ನನಗೆ ಏನೂ ಆಗಬೇಕಿರಲಿಲ್ಲ. ಕೂಗುತ್ತಿದ್ದದ್ದು ಮಾತ್ರ ದೊಡ್ಡವ್ವ ಅಂತ.

ನಮ್ಮದು ಕೇರಳದ ಗಡಿ ಹತ್ತಿರದ ಮದ್ದೂರು ಕಡೆ, ಕಾಡಂಚಿನ ಮನೆ. ಕಲ್ಲಿನ ಗೋಡೆ, ಹುಲ್ಲಿನ ಮಾಡು. ಈ ಮಗಳು ಹುಟ್ಟಿದ್ದು ಮಾಗಿ ಚಳಿಯಲ್ಲಿ, ತಿಂಗಳು ತುಂಬುವ ಮುಂಚೆಯೇ. ಅಳುವುದಕ್ಕೂ ಶಕ್ತಿ ಇಲ್ಲದ ಕೂಸು. ಗಂಡ ಕೇರಳಕ್ಕೆ ಶುಂಠಿ ಕೀಳಲು ಹೋಗಿದ್ದ. ನಾನೇ ಸಂದಿಗೆಲ್ಲ ಮಣ್ಣು ಮೆತ್ತಿದೆ, ಹುಲ್ಲಿನ ಕೆಳಗೆ ಗೋಣಿಚೀಲ ಕಟ್ಟಿದೆ. ಕಲ್ಲು ತಣ್ಣಗೇ ಇತ್ತು. ಬೆಂಕಿ ಹಾಕಿದರೆ ಹೊಗೆಗೆ ಕೂಸು ಕೆಮ್ಮುತ್ತಿತ್ತು, ಆರಿಸಿದರೆ ಕೈಕಾಲು ನೀಲಿಯಾಗುತ್ತಿತ್ತು…

ದೊಡ್ಡವ್ವ ಬಂದು ನೋಡಿದಳು. ಒಳಗಿನ ಕೊಟ್ಟಿಗೆ ಖಾಲಿ. ನಮ್ಮ ಎತ್ತುಗಳನ್ನು ಮಾರಿ ಆಗಿತ್ತು.

"ಒಳಗೆ ದನ ಇಲ್ದಿದ್ಮೇಲೆ ಮನೆ ಎಂಗಮ್ಮಿ ಬೆಚ್ಚಗಾದದು? ಇದೇನ್ ಮನೆಯಾ, ಮಸಣವಾ?" ಎಂದಳು.

ಮಾರನೆಯ ದಿನದಿಂದ ದಿನಾ ಸಂಜೆ ತನ್ನ ಹಸುವನ್ನು ನಮ್ಮ ಮನೆಗೆ ಹೊಡೆದುಕೊಂಡು ಬರುತ್ತಿದ್ದಳು. ಕೊಟ್ಟಿಗೆಗೂ ನಮಗೂ ನಡುವಿನ ಮೋಟುಗೋಡೆಯ ಆಚೆ ಹಸು, ಈಚೆ ನಾನು, ಕೂಸು. ಅದರ ಉಸಿರು, ಮೈಯ ಕಾವು… ಬೆಳಗಾಗುವ ಹೊತ್ತಿಗೆ ಮೋಟುಗೋಡೆಯೂ ಬೆಚ್ಚಗಿರುತ್ತಿತ್ತು. ಅವಳು ಮಾತ್ರ ತನ್ನ ಮನೆಯಲ್ಲಿ ಒಬ್ಬಳೇ, ತಣ್ಣನೆ ಕಲ್ಲಿನ ನಡುವೆ.

"ನೀನೂ ಇಲ್ಲೇ ಮಲೀಕೊ ದೊಡ್ಡವ್ವ" ಎಂದೆ.

"ನನ್ ಗೊರ್ಕೆಗೆ ಅಸ ಅಗ್ಗ ಕಿತ್ಕೊಂಡು ಓಡೋಯ್ತದೆ, ಬುಡು."

ಅವಳಿಗೊಂದು ನೇಮವಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಮಜ್ಜಿಗೆಯನ್ನೂ ಹೊರಗೆ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೋಗುತ್ತಾಳೆ ಅಂತ. ಹಸುವನ್ನು ಕಳಿಸುವ ಮಾತೇ ಇಲ್ಲ. ಅದಕ್ಕೇ ಬೆಳಕಿರುವಾಗಲೇ ತರುತ್ತಿದ್ದಳು. ಒಂದು ಸಂಜೆ ಮೇಯಲು ಹೋದ ಹಸು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕತ್ತಲಾಯಿತು, ಗಾಳಿ ಎದ್ದಿತು. ಇನ್ನು ದೀಪ ಹಚ್ಚಿರುತ್ತಾಳೆ, ಇವತ್ತು ಹಸು ಬರುವುದಿಲ್ಲ ಅಂದುಕೊಂಡು ಕೂಸನ್ನು ಹೊಟ್ಟೆಗೆ ಒತ್ತಿಕೊಂಡು ಕೂತೆ. ಆಗ ಬಾಗಿಲಲ್ಲಿ ಗೊರಸಿನ ಸದ್ದು. ಹಿಂದೆ ದೊಡ್ಡವ್ವ. ಅವಳ ಮನೆ ಕಡೆ ನೋಡಿದೆ, ಕಗ್ಗತ್ತಲು.

"ದೀಪ ಇನ್ನೂ ಅಚ್ಚಿಲ್ವಾ ದೊಡ್ಡವ್ವ?"

"ಅಚ್ಚಿದ್ರೆ ಅಸವ ಈಚೆಗೆ ಕಳಸಕ್ಕಾದದಾ? ದೇವ್ರು ವಸಿ ಕತ್ಲಲ್ಲೇ ಕೂತಿರ್ಲಿ, ಅವ್ನಿಗೇನ್ ಚಳಿಯಾ? ಬಾಗ್ಲು ಮುಚ್ಚಮ್ಮಿ ಮೊದ್ಲು."

ಕೂಸು ಉಳಿಯಿತು.

ದೊಡ್ಡವ್ವ ಹೋಗಿ ಎಷ್ಟೋ ವರ್ಷವಾಯಿತು. ಅವಳ ಮನೆಯ ಮಾಡು ಕುಸಿಯಿತು, ಕಲ್ಲುಗಳನ್ನು ಯಾರು ಯಾರೋ ಹೊತ್ತುಕೊಂಡು ಹೋದರು. ಈಗ ಅಲ್ಲಿ ಲಂಟಾನ ಬೆಳೆದಿದೆ. ಮಗಳು ಎಷ್ಟು ಮೆತ್ತಿದರೂ ನಮ್ಮ ಪಡುವಣ ಗೋಡೆ ಬೆಚ್ಚಗಾಗುವುದಿಲ್ಲ. ಆ ಕಡೆ ಕಾಡಿಗೂ ನಮಗೂ ನಡುವೆ ಅವಳ ಮನೆ ಅಡ್ಡ ನಿಂತಿತ್ತು. ಅದು ನನಗೆ ಗೊತ್ತಾದದ್ದು ಆ ಮನೆ ಬಿದ್ದ ಮೇಲೆ. ಈಗ ಕಾಡಿನ ಗಾಳಿ ನೇರ ನಮಗೇ ಬೀಸುತ್ತದೆ.