ಒಳಕೋಣೆಯ ಟಿವಿಗೆ ಚಿತ್ರ ಬಂದದ್ದು

ಮೊನ್ನೆ ಗೋಕಾಕ ಪೇಟೆಯ ಅಂಗಡಿಯೊಂದಕ್ಕೆ ಮೊಬೈಲ್ ಚಾರ್ಜರ್ ಕೊಳ್ಳಲು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಗಿರಾಕಿಗೆ ಅಂಗಡಿಯವನು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯೊಂದನ್ನು ಬಿಚ್ಚಿ ತೋರಿಸುತ್ತಿದ್ದ. ಹೊಸ ವೈರ್‌ಗೆ ಒಂದು ವಾಸನೆ ಇರುತ್ತದೆ, ನೀವೂ ಬಲ್ಲಿರಿ. ಹೊಸ ಚಪ್ಪಲಿಗೂ ಸೀಮೆಎಣ್ಣೆಗೂ ನಡುವಿನದು. ಆ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಅಂಗಡಿಯವನು, "ಇದಕ್ಕ ಸ್ಪ್ಲಿಟರ್ ಅಂತಾರ್ರಿ. ಈ ಕಡೆ ಒಂದ ವೈರ್ ಹಾಕ್ರಿ, ಆ ಕಡೆ ಎರಡ ಟಿವಿ ಹಚ್ರಿ. ಇಲ್ಲಿ ಕಂಡದ್ದ ಅಲ್ಲೂ ಕಾಣ್ತೈತಿ," ಎಂದ.

ಗಿರಾಕಿ ಅನುಮಾನದ ಮನುಷ್ಯ. "ಎಲ್ಲಾ ಕಾಣ್ತೈತೇನ್ರಿ?" ಎಂದು ಕೇಳಿದ.

ಎಲ್ಲವೂ ಕಾಣುತ್ತದೆ ಎಂದು ಆಣೆ ಮಾಡಿ ಹೇಳಬಲ್ಲವನು ಅವನ ಬಗಲಲ್ಲೇ ನಿಂತಿದ್ದ. ಆ ಮನುಷ್ಯ ನಾನೇ. ಚಾರ್ಜರನ್ನೂ ಕೊಳ್ಳದೆ ಹೊರಗೆ ಬಂದುಬಿಟ್ಟೆ.

ನಾನು ಬಹಳ ವರ್ಷ ಪತ್ರಿಕೆಯ ವರದಿಗಾರನಾಗಿದ್ದವನು. ದೊಡ್ಡ ಹೆಸರೇನಲ್ಲ, ಕೆರೆಯ ಹೂಳು, ಬಸ್ಸಿನ ತೊಂದರೆ, ಸತ್ಕಾರ ಸಮಾರಂಭ, ಹೀಗೆ. ಆದರೆ ಒಂದು ಜಂಬ ಇತ್ತು. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆ ಬೇರೆ ಮಾಡಿ ಬರೆಯುವವನು ನಾನು ಎಂಬ ಜಂಬ. ಅದನ್ನು ಕಲಿತದ್ದು ಯಾವ ಸಂಪಾದಕರಿಂದಲೂ ಅಲ್ಲ, ಮೂಡಲಗಿಯ ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಹುಸೇನ ಕಾಕಾನಿಂದ.

ಅವರ ಮಗ ರಜಾಕ್ ನನ್ನ ಶಾಲೆಯ ಗೆಳೆಯ. ಅವನನ್ನು ಹುಡುಕಿಕೊಂಡು ಹೋದವನು ಅವನ ಅಪ್ಪನ ಮಾತು ಕೇಳುತ್ತ ಕೂತುಬಿಡುತ್ತಿದ್ದೆ. ಹೊಲಿಗೆಯವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುವುದನ್ನು ನೋಡಿದ್ದೀರಲ್ಲ? ಕಾಕಾ ತುಟಿಯ ಒಂದು ತುದಿಯಲ್ಲಿ ಸೂಜಿಗಳನ್ನು ಹಿಡಿದು ಇನ್ನೊಂದು ತುದಿಯಿಂದ ಊರಿನ ವರ್ತಮಾನವನ್ನೆಲ್ಲ ಹೇಳುತ್ತಿದ್ದರು. ಒಂದಕ್ಷರ ತೊದಲುತ್ತಿರಲಿಲ್ಲ. ನಾನೇನಾದರೂ ಸುದ್ದಿ ತಂದರೆ ಕತ್ತರಿ ನಿಲ್ಲಿಸಿ, "ತಮ್ಮಾ, ನೀ ಕಂಡೀಯೋ, ಯಾರರ ಹೇಳಿದ್ರೋ?" ಎನ್ನುವರು. ಯಾರೋ ಹೇಳಿದ್ದು ಎಂದರೆ, "ಹಂಗಾರ ಅದು ಅವರು ಹೊಲಿದ ಅರಿವಿ. ಅಳತಿ ನೀ ತಗೊಂಡಿಲ್ಲ," ಎಂದು ಮತ್ತೆ ಬಟ್ಟೆ ಕತ್ತರಿಸತೊಡಗುವರು. ಅಂಗಿ ಹೊಲಿಸುವುದಿರಲಿ ಬಿಡಲಿ, ಬಸ್ಸಿಗೆ ಕಾಯುವವರೆಲ್ಲ ಅಲ್ಲಿಗೆ ಬಂದು ನಿಲ್ಲುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರೂ ಇದ್ದರು.

ಇಂಥ ಬಾಯಿಗೆ ಲಕ್ವಾ ಹೊಡೆಯಿತು. ಕಾಲು ಅರ್ಧ ಮರಳಿತು, ಕೈಯೊಂದು ಸೋತಿತು, ಮಾತು ಮುರಿದು ಮುರಿದು ಬರತೊಡಗಿತು. ಹೇಳಬೇಕಾದ ಶಬ್ದ ಒಳಗೆ ಸಿದ್ಧವಿರುತ್ತಿತ್ತು; ತುಟಿಗೆ ಬರುವಷ್ಟರಲ್ಲಿ ಅಂಚು ಬಿಚ್ಚಿಹೋಗಿರುತ್ತಿತ್ತು. ಜೊಲ್ಲು ಸೋರುತ್ತದೆಂಬ ನಾಚಿಕೆ ಬೇರೆ. ಕಾಕಾ ಒಳಕೋಣೆ ಸೇರಿದರು. ನೆಂಟರು ಬಂದರೆ ನಿದ್ದೆ ಬಂದವರಂತೆ ಮಲಗಿಬಿಡುತ್ತಿದ್ದರು.

ರಜಾಕನಿಗೆ ಒಂದೇ ಚಟ, ಹೋಮ್ ಥಿಯೇಟರು. ಮನೆಯ ಹಾಲ್‌ನಲ್ಲಿ ಗೋಡೆ ತುಂಬುವ ಟಿವಿ, ಮೂಲೆ ಮೂಲೆಗೆ ಸ್ಪೀಕರು. ಮಗಳನ್ನು ಹುಕ್ಕೇರಿಗೆ ಮದುವೆ ಮಾಡಿ ಕೊಟ್ಟಿದ್ದ. ಮದುವೆಯ ವಿಡಿಯೊ ಸಿದ್ಧವಾದಾಗ ಬೀಗರನ್ನೂ ಓಣಿಯವರನ್ನೂ ಒಂದು ರವಿವಾರ ಕರೆದು ತೋರಿಸುವ ಏರ್ಪಾಡಾಯಿತು. ಅಪ್ಪ ಹೊರಗೆ ಬರಲೊಲ್ಲರು. ಹಾಗಾಗಿ ಒಳಕೋಣೆಯ ಸಣ್ಣ ಟಿವಿಗೂ ಅದೇ ಚಿತ್ರ ಕೊಡಬೇಕೆಂದು ಸ್ಪ್ಲಿಟರಿನ ಯೋಚನೆ. ಗೋಕಾಕದಿಂದ ಅದನ್ನು ತರುವ ಕೆಲಸ ನನ್ನದಾಯಿತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಅದರ ಹಿಂದಿನ ಭೇಟಿಯಲ್ಲಿ ಕಾಕಾ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಬಹಳ ಹೊತ್ತು ತೆಗೆದುಕೊಂಡು, "ಆ ದಿನ... ನೀ... ಬಾಜೂ ಕುಂದ್ರ. ಬರ್ತೇನಿ... ಹೊರಗ," ಎಂದಿದ್ದರು. ನಾನು ರಜಾಕನಿಗೆ ಹೇಳಿದೆ. ಅವನ ಕಣ್ಣು ತುಂಬಿತು. ಆದರೂ, "ಬಂದ್ರ ಬರ್ಲಿ. ಬರದಿದ್ರ ಒಳಗ ಟಿವಿ ಇರ್ಲಿ ಲೇ," ಎಂದ. ಅಂದರೆ ಆ ಡಬ್ಬಿ ಬೇಡವಾಗಲಿ ಎಂದು ಹಾರೈಸುತ್ತಲೇ ನಾವು ಅದನ್ನು ಜೋಡಿಸಲು ಕೂತೆವು.

ಸ್ಪೀಕರ್ ಕೂರಿಸಲು ಕೌಜಲಗಿಯಿಂದ ಬಂದಿದ್ದ ಶಿವಪ್ಪ ವೈರು ಎಳೆದ. ಪರೀಕ್ಷೆಗೆಂದು ನನ್ನ ವಿಡಿಯೊ ಕ್ಯಾಮೆರಾವನ್ನೇ ಸ್ಟ್ಯಾಂಡಿಗೆ ಸಿಕ್ಕಿಸಿ ಡಬ್ಬಿಗೆ ಜೋಡಿಸಿದೆವು. ಹಾಲಿನ ಟಿವಿಯಲ್ಲಿ ಎದುರಿನ ಗೋಡೆ ಸ್ಪಷ್ಟವಾಗಿ ಮೂಡಿತು. ಸ್ಪೀಕರ್ ಚಾಲೂ ಇದ್ದರೆ ಕ್ಯಾಮೆರಾದ ಮೈಕು ಅದೇ ಸದ್ದನ್ನು ಹಿಡಿದು ಕುಂಯ್ ಎಂದು ಅರಚುತ್ತದೆಂದು ಶಿವಪ್ಪ ಹಾಲಿನ ಸದ್ದು ಬಂದ್ ಮಾಡಿದ. ಕದ ಮುಚ್ಚಿದ ಒಳಕೋಣೆಯಲ್ಲಿ ಕಾಕಾನ ಜೊತೆ ರಜಾಕನ ಹೆಂಡತಿ ಶಮೀಮ ರಿಮೋಟ್ ಹಿಡಿದು ನಿಂತಿದ್ದಳು. ಮಾವನ ಎದುರು, ಹೊರಗಿನವರಿಗೆ ಕೇಳುವಂತೆ ಅವಳು ದನಿ ಎತ್ತುವವಳಲ್ಲ. ಆ ಮನೆಯ ರೀತಿ ಹಾಗೆ. ಅದಕ್ಕೆ ಒಂದು ಒಪ್ಪಂದವಾಗಿತ್ತು: ಒಳಗೆ ಚಿತ್ರ ಬಂದರೆ ಕದ ಬಡಿಯುವುದು.

ಕದ ಸದ್ದು ಮಾಡಲಿಲ್ಲ. ಶಿವಪ್ಪ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಇಲ್ಲ. "ಈ ವೈರ್ ಸತ್ತೈತ್ರಿ," ಎಂದು ತೀರ್ಪು ಕೊಟ್ಟ. ರಜಾಕ್ ಬೇರೆ ವೈರು ತರಲು ಪೇಟೆಗೆ ಹೋದ.

"ಕ್ಯಾಮೆರಾದ ಮುಂದ ಯಾರರ ನಿಲ್ರಿ ಪೇಪರ್ ಸಾಹೇಬ್ರ," ಎಂದ ಶಿವಪ್ಪ, ವೈರಿನ ತುದಿ ಅಲುಗಿಸುತ್ತ. "ಬರೇ ಗೋಡಿ ಕಾಣಾಕತ್ತೈತಿ. ಒಳಗ ಬಂದ್ರೂ ಆ ಅಕ್ಕಾರಿಗೆ ತಿಳಿಬೇಕಲ್ಲ? ಏನರ ಅಲ್ಲಾಡಬೇಕ."

ನಿಂತೆ. ಅಲ್ಲಾಡಿದೆ. ಶಿವಪ್ಪ ನಕ್ಕು, ಸಹಜವಾಗಿ ಕೇಳಿದ: "ಕಾಕಾರಿಗೆ ಈಗ ಮಾತ ಹೆಂಗ ಬರ್ತಾವ್ರಿ?"

ಮಾತು ತಡವರಿಸುತ್ತದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಕಸುಬಿನವರಿಗೆ ಒಂದು ಕೆಟ್ಟ ರೂಢಿ ಇದೆ. ಭಾಷಣ ವರದಿ ಮಾಡಿ ಬಂದವರು ಚಹಾ ಕುಡಿಯುವಾಗ ಭಾಷಣಕಾರನನ್ನು ಬಾಯಲ್ಲಿ ಹೇಳುವುದಿಲ್ಲ, ಮಾಡಿ ತೋರಿಸುತ್ತೇವೆ. ನಾನು ಅದರಲ್ಲಿ ಪಳಗಿದವನೆಂದು ಹೆಸರಾಗಿದ್ದೆ. ತುಟಿ ಒಂದು ಬದಿಗೆ ಜಾರಿಸಿದೆ. ಕೈ ಎದೆಗೆ ಮಡಚಿ ನಡುಗಿಸಿದೆ. "ಆ... ದಿ... ದಿನ... ನೀ... ಬಾ... ಬಾಜೂ..." ಎಂದೆ. ಹೌದು, ಆ ಮಾತನ್ನೇ. ಆಡಿ ತೋರಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ. ಎದುರಿನ ದೊಡ್ಡ ಪರದೆಯಲ್ಲಿ ನನ್ನನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಚೆನ್ನಾಗಿ ಬರುತ್ತಿದೆ ಅನ್ನಿಸಿತು. ಇಲ್ಲದ ಜೊಲ್ಲನ್ನೂ ಒರೆಸಿಕೊಂಡೆ. ಶಿವಪ್ಪ, "ಬ್ಯಾಡ್ರಿ, ಪಾಪ," ಎನ್ನುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕನೆಂದು ನಾನು ಮತ್ತೊಮ್ಮೆ ಮಾಡಿದೆ.

ರಜಾಕ್ ಹೊಸ ವೈರಿನ ಸುರುಳಿ ಹಿಡಿದು ಬಂದವನು ನೇರ ಒಳಕೋಣೆಗೆ ಹೋದ. ಹೊರಬಂದಾಗ ಅವನ ಕೈಯಲ್ಲಿ ಸುರುಳಿ ಹಾಗೇ ಇತ್ತು.

"ವೈರ್ ಬ್ಯಾಡ," ಎಂದ, ನನ್ನನ್ನು ನೋಡದೆ. "ಒಳಗ ಚಲೋ ಕಾಣಾಕತ್ತೈತಿ. ಆವಾಜೂ ಚಲೋ ಐತಿ."

"ಯಾವಾಗ ಬಂತು?" ಎಂದೆ.

"ನಾ ಪ್ಯಾಟಿಗೆ ಹೋದ ಕೂಡ್ಲೆ ಶಮೀಮ ರಿಮೋಟದಾಗ ಏನೋ ಒತ್ತಿದಳಂತ. ಆಗಿಂದ ಐತಿ. ಕದ ಬಡೀಬೇಕಂತ ಎದ್ದಳಂತ, ಅಪ್ಪ ಅಕಿ ಕೈ ಹಿಡಿದು ಕುಂದ್ರಸಿದ್ನಂತ."

ಶಿವಪ್ಪ ಉಪಕರಣದ ಚೀಲದಲ್ಲಿ ಏನನ್ನೋ ಹುಡುಕತೊಡಗಿದ. ನಾನು ಒಳಗೆ ಹೋದೆ. ಶಮೀಮ ಸೆರಗು ಸರಿಪಡಿಸಿಕೊಂಡು ನನ್ನ ಬಗಲಿಂದ ಹೊರಟುಹೋದಳು. ಟಿವಿಯಲ್ಲಿ ಈಗ ಬರೀ ಗೋಡೆ ಇತ್ತು. ಕಾಕಾ ಅದನ್ನೇ ನೋಡುತ್ತಿದ್ದರು. ನಾನು ಅವರ ಕಾಲ ಹತ್ತಿರ ಕೂತೆ. ತಪ್ಪಾಯಿತೆಂದೆನೋ ಇಲ್ಲವೋ ನೆನಪಿಲ್ಲ. ನೆನಪಿಲ್ಲದ್ದನ್ನು ಅಂದೆನೆಂದು ಬರೆಯಲಾರೆ.

ಅವರು ನನ್ನತ್ತ ತಿರುಗಿ, ಹೊದಿಕೆಯ ಒಳಗಿದ್ದ ಸೋತ ಕೈಯನ್ನು ಸರಿಯಿದ್ದ ಕೈಯಿಂದ ಎತ್ತಿ, ಹೊಲಿದು ಮುಗಿಸಿದ ಬಟ್ಟೆಯನ್ನು ಗಿರಾಕಿಗೆ ತೋರಿಸುವಂತೆ ನನ್ನ ಮುಂದೆ ಹಿಡಿದರು.

"ಎಡ... ಎಡಗೈ," ಎಂದರು.

ನಾನು ನಡುಗಿಸಿದ್ದು ಬಲಗೈ.

ಅಷ್ಟು ದಿನ ಆ ಮನೆಗೆ ಹೋಗಿದ್ದೆ, ಮಂಚದ ಪಕ್ಕ ಕೂತಿದ್ದೆ, ಆ ಮದುವೆಯಲ್ಲಿ ಉಂಡು ಬಂದಿದ್ದೆ. ಯಾವ ಕೈ ಸೋತದ್ದೆಂದು ನೋಡಿರಲಿಲ್ಲ. ಅಣಕಿಸಿದ್ದಕ್ಕಾದರೆ ನಾಲಿಗೆಯ ಚಪಲವೆಂದು ಸಬೂಬು ಹೇಳಿಕೊಳ್ಳಬಹುದಿತ್ತು. ನೋಡದಿದ್ದುದಕ್ಕೆ ಏನು ಹೇಳುವುದು? ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ತಿದ್ದುಪಡಿ ಹಾಕುತ್ತೇವೆ, ವಿಷಾದಿಸುತ್ತೇವೆ, ಕೈ ತೊಳೆದುಕೊಳ್ಳುತ್ತೇವೆ. ಈ ತಿದ್ದುಪಡಿಯನ್ನು ಹಾಕಲು ಪುಟವಿರಲಿಲ್ಲ.

ರವಿವಾರ ಹುಕ್ಕೇರಿಯ ಬೀಗರು ಬಂದರು. ಹಾಲ್ ತುಂಬಿತು. ನನ್ನ ಬಾಜೂ ಒಂದು ಕುರ್ಚಿ ಇಡಿಸಿದ್ದೆ. "ಯಾರದ್ರಿ ಈ ಕುರ್ಚಿ?" ಎಂದು ಮೂರ್ನಾಲ್ಕು ಜನ ಕೇಳಿದರು, ಕೊನೆಗೆ ದಪ್ಪನೆಯ ಬೀಗರೊಬ್ಬರು ಕೇಳದೆಯೇ ಕೂತರು. ಕಾಕಾ ಬರಲಿಲ್ಲ. ಸ್ಪ್ಲಿಟರು ಬಹಳ ಚೆನ್ನಾಗಿ ಕೆಲಸ ಮಾಡಿತು. ಹಾಲಿನಲ್ಲಿ ನಕ್ಕಾಗ ಒಳಗಿನ ಹೆಂಗಸರ ನಗೆಯೂ ಕೂಡಿಯೇ ಕೇಳುತ್ತಿತ್ತು. ಒಂದು ಕಡೆ ಪರದೆಯ ಮೇಲೆ ಕಾಕಾ ಕಂಡರು. ಕೂತಲ್ಲಿಂದಲೇ ಬಾಗಿ ಮೊಮ್ಮಗಳ ತಲೆಯ ಮೇಲೆ ಬಲಗೈ ಇಡುತ್ತಾರೆ. ಎಡಗೈ ಶಾಲಿನ ಒಳಗೆ. ಚಿಕ್ಕ ಮಕ್ಕಳಿಗೂ ಕಾಣುವಷ್ಟು ದೊಡ್ಡದಾಗಿ ಕಂಡಿತು. ಒಳಗೆ ಆ ಗಳಿಗೆಯಲ್ಲಿ ಅವರು ಪರದೆಯನ್ನು ನೋಡುತ್ತಿದ್ದರೋ ಗೋಡೆಯ ಕಡೆ ತಿರುಗಿದ್ದರೋ ನನಗೆ ಗೊತ್ತಿಲ್ಲ.

ರಜಾಕ್ ಈಗಲೂ ಗೆಳೆಯನೇ. ಆಮೇಲೆ ಕಾಕಾ ತಾವಾಗಿಯೇ ಹೊರಗೆ ಬಂದು ಕೂರತೊಡಗಿದರು. ಶಮೀಮ ದಿನವೂ ಮಾತು ಆಡಿಸಿ ಆಡಿಸಿ ನಾಲಿಗೆಗೆ ಧೈರ್ಯ ತಂದಳು. ಈಗ ಹಾಲು ಹಾಕುವವನ ಜೊತೆಗೂ ತಗಾದೆ ತೆಗೆಯುತ್ತಾರಂತೆ. ನಾನು ಹೋದರೆ ಚಹಾ ಕೊಡುವಂತೆ ಸೊಸೆಗೆ ಕೈಸನ್ನೆ ಮಾಡುತ್ತಾರೆ, ನನ್ನ ಮಾತಿಗೆ ತಲೆಯಾಡಿಸುತ್ತಾರೆ. ಬಾಯಿ ತೆರೆಯುವುದಿಲ್ಲ. ಸಿಟ್ಟಲ್ಲ. ಸಿಟ್ಟಾಗಿದ್ದರೆ ಬೈಯುತ್ತಿದ್ದರು, ನಾನೂ ಬೈಸಿಕೊಂಡು ಹಗುರಾಗುತ್ತಿದ್ದೆ.

ಚಾರ್ಜರ್ ಕೊಳ್ಳದೆ ಬಂದ ಮರುದಿನವೇ ಮೂಡಲಗಿಗೆ ಹೋದೆ. ಕಾಕಾ ಹಾಲಿನಲ್ಲಿದ್ದರು. ಸುತ್ತ ಓಣಿಯ ನಾಲ್ಕಾರು ಜನ. ಮದುವೆಯ ಅವಸರದಲ್ಲಿ ಒಬ್ಬ ಮದುಮಗನ ಕೋಟಿಗೆ ಎರಡೂ ತೋಳನ್ನು ಒಂದೇ ಕೈಗೆ ಹೊಂದುವಂತೆ ಹೊಲಿದುಬಿಟ್ಟ ಕತೆ ನಡೆದಿತ್ತು. "ಅಂವಾ... ಕನ್ನಡಿ ಮುಂದ... ನಿಂತಾ..." ಎಂದವರು ಬಾಗಿಲಲ್ಲಿ ನನ್ನನ್ನು ಕಂಡು ನಿಲ್ಲಿಸಿದರು. ತುಟಿ ಒರೆಸಿಕೊಂಡರು.

"ಮುಂದೇನಾತ್ರಿ ಕಾಕಾ?" ಯಾರೋ ಕೇಳಿದರು. ಅವರು ನೆಲ ನೋಡುತ್ತಿದ್ದರು.

"ಒಂದ ಫೋನ್ ಮಾಡೂದೈತಿ," ಎಂದು ನಾನು ಹೊರಗೆ ಬಂದೆ. ಮಾಡುವ ಫೋನು ಯಾವುದೂ ಇರಲಿಲ್ಲ. ಎಲ್ಲರೂ ಬಿಟ್ಟ ಚಪ್ಪಲಿಗಳ ನಡುವೆ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ದನಿ ಮತ್ತೆ ಹೊರಟಿತು, ಮುರಿಯುತ್ತ, ತಡೆಯುತ್ತ, ಬಿಟ್ಟಲ್ಲಿಂದಲೇ. ಅರ್ಧಕ್ಕರ್ಧ ಶಬ್ದ ನನಗೆ ತಿಳಿಯಲಿಲ್ಲ. ಎದ್ದು ಹೊರಡೋಣವೆಂದರೆ ನನ್ನ ಚಪ್ಪಲಿಯ ಸದ್ದು ಕೇಳಿ ಮತ್ತೆಲ್ಲಿ ನಿಲ್ಲಿಸುತ್ತಾರೋ ಎಂದು, ಕತೆ ಮುಗಿದು ಎಲ್ಲರೂ ನಗುವವರೆಗೆ ಅಲ್ಲಾಡದೆ ಕೂತಿದ್ದೆ.